ಎಡಗಡೆಯ ಸ್ಟೂಲು

ನನ್ನ ಚಿಕ್ಕ ತಮ್ಮನ ಶೆಡ್ಡಿನಲ್ಲಿ ಬಂದವರು ಕೂರಲೆಂದು ಎರಡು ಸ್ಟೂಲುಗಳಿವೆ. ಅವನು ಕೆಲಸ ಮಾಡುವ ಬೆಂಚಿನ ಬಲಗಡೆ ಒಂದು, ಎಡಗಡೆ ಒಂದು. ಬಲಗಡೆಯದಕ್ಕೆ ನಾನೇ ಹಳೆಯ ಸೀಟಿನ ರೆಕ್ಸಿನ್ ಹೊಲಿದು ಮೆತ್ತೆ ಹಾಕಿದ್ದೇನೆ. ಎಡಗಡೆಯದು ಬರೀ ಕಬ್ಬಿಣ. ಒಂದು ಕಾಲು ಗಿಡ್ಡ. ಕಾರು ತಂದವರನ್ನು ಅವನು ಬಲಕ್ಕೆ ಕೂರಿಸುತ್ತಾನೆ. ಬಿಡಿಭಾಗ ಮಾರುವವನು ಹಳೆಯ ಮಾಲನ್ನೇ ಹೊಸದೆಂದು ಸಾಧಿಸಲು ಬಂದರೆ, ಶೆಡ್ಡಿನ ಮಾಲೀಕ ಗೋಡೆಯ ಎಣ್ಣೆ ಕಲೆಯ ಬಗ್ಗೆ ಭಾಷಣ ಬಿಗಿಯಲು ಬಂದರೆ, ಎಡಕ್ಕೆ ಕೈ ತೋರಿಸುತ್ತಾನೆ. ಅವರು ಗಂಟಲು ಹರಿಯುವಂತೆ ಮಾತಾಡುತ್ತಾರೆ, ಇವನು ತಲೆಯಾಡಿಸುತ್ತ ಸ್ಕ್ರೂ ತಿರುಗಿಸುತ್ತಾನೆ. ಇವನ ಎಡಗಿವಿಗೆ ಏನೂ ಕೇಳಿಸುವುದಿಲ್ಲವೆಂದು ಅವರಿಗೆ ತಿಳಿಯುವುದರೊಳಗೆ ಸಾಕಾಗಿ ಎದ್ದು ಹೋಗಿರುತ್ತಾರೆ.

ಆ ಕಿವಿಯನ್ನು ತೆಗೆದವನು ನನ್ನ ದೊಡ್ಡ ತಮ್ಮ.

ನಾವು ಮೂವರು. ಹಿರಿಯಳು ನಾನು, ನನ್ನ ಹಿಂದೆ ದೊಡ್ಡವನು, ಅವನ ಹಿಂದೆ ಚಿಕ್ಕವನು. ಈಗ ಇಬ್ಬರ ತಲೆಯೂ ಬೆಳ್ಳಗಾಗಿದೆ, ಆದರೂ ನನಗೆ ಅವರು ದೊಡ್ಡವನು, ಚಿಕ್ಕವನು ಅಷ್ಟೇ. ಅಪ್ಪ ಕಾರು ಮೇಸ್ತ್ರಿ. ಮುಖ್ಯ ರಸ್ತೆಯಲ್ಲಿ ಅಗಲ ಬಾಗಿಲಿನ ವರ್ಕ್‌ಶಾಪು ಇತ್ತು. ಎಲ್ಲ ಕಾರುಗಳನ್ನೂ ಮುಟ್ಟುತ್ತಿದ್ದನಾದರೂ ಅವನಿಗೆ ಹೆಸರು ತಂದದ್ದು ಜೋಡಿ ಕಾರ್ಬುರೇಟರಿನ ಕಾರುಗಳು.

ಗಾಳಿಯನ್ನೂ ಪೆಟ್ರೋಲನ್ನೂ ಹದವಾಗಿ ಬೆರೆಸಿ ಎಂಜಿನ್ನಿಗೆ ಉಣಿಸುವ ಸಾಮಾನು ಕಾರ್ಬುರೇಟರ್. ಈಗಿನ ಕಾರುಗಳಲ್ಲಿ ಅದಿಲ್ಲ. ಹಳೆಯ ಕಾರುಗಳಲ್ಲಿ ಒಂದಿರುತ್ತಿತ್ತು. ಕೆಲವು ಶೋಕಿಯ ಕಾರುಗಳಲ್ಲಿ ಎರಡು, ಚೊಂಬು ಬೋರಲು ಹಾಕಿದಂತೆ ಅಕ್ಕಪಕ್ಕ ಕೂತಿರುತ್ತಿದ್ದವು. ಮುಂದಿನದು ಎಂಜಿನ್ನಿನ ಮುಂದಿನ ಅರ್ಧಕ್ಕೆ ಉಣಿಸಬೇಕು, ಹಿಂದಿನದು ಹಿಂದಿನ ಅರ್ಧಕ್ಕೆ. ಎರಡೂ ಒಂದೇ ಅಳತೆಯಲ್ಲಿ ಉಸಿರೆಳೆಯಬೇಕು. ಇಲ್ಲದಿದ್ದರೆ ಒಂದು ಕಡೆಯವರು ದುಡಿದು ಸಾಯುತ್ತಾರೆ, ಇನ್ನೊಂದು ಕಡೆಯವರು ತಿಂದು ಮಲಗುತ್ತಾರೆ. "ನಮ್ಮ ಮನೆ ಥರಾನೇ ಅನ್ನಿ," ಎಂದು ಅಮ್ಮ ಚುಚ್ಚುತ್ತಿದ್ದಳು.

ಅಪ್ಪನ ಪಾಠವೆಲ್ಲ ಹೊಟ್ಟೆಯ ಭಾಷೆಯಲ್ಲೇ. ಪೆಟ್ರೋಲು ಕಡಿಮೆಯಾದರೆ ಕಾರಿಗೆ ಹಸಿವು, ಹೆಚ್ಚಾದರೆ ಅಜೀರ್ಣ. "ಹಸಿದ ಕಾರು ಬಾಯಲ್ಲಿ ಕೆಮ್ಮುತ್ತೆ, ಅಜೀರ್ಣದ ಕಾರು ಹಿಂದೆ ಹೊಗೆ ಬಿಡುತ್ತೆ. ಮನುಷ್ಯರ ಥರಾನೇ," ಎನ್ನುತ್ತಿದ್ದ.

ಗೇಜು, ಮೀಟರು ಅವನು ಕಂಡವನಲ್ಲ. ಒಂದೇ ಉದ್ದದ ಎರಡು ಕಪ್ಪು ರಬ್ಬರ್ ಕೊಳವೆಗಳಿದ್ದವು. ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಮುಂದಿನ ಕಾರ್ಬುರೇಟರಿನ ಬಾಯಿಗೆ ಒಂದರ ತುದಿ, ಅದರ ಇನ್ನೊಂದು ತುದಿ ಎಡಗಿವಿಗೆ. ಹಿಂದಿನದರಿಂದ ಬಲಗಿವಿಗೆ. ಗಾಳಿ ಒಳಗೆ ಹೋಗುವ ಉಸ್ಸೆನ್ನುವ ಸದ್ದು ಎರಡು ಕಿವಿಯಲ್ಲೂ ಒಂದೇ ಆಗುವ ತನಕ ಸ್ಕ್ರೂ ತಿರುಗಿಸಿ, ಕೊಳವೆ ಕೆಳಗಿಟ್ಟು, "ಸಮ," ಎನ್ನುತ್ತಿದ್ದ. ಆ ಮಾತು ಬಂತೆಂದರೆ ಬಾನೆಟ್ ಮುಚ್ಚಬಹುದು. ಮುಂದಿನದು ಎಡಕ್ಕೆ, ಹಿಂದಿನದು ಬಲಕ್ಕೆ. ಆ ಕ್ರಮವನ್ನು ಅವನು ಒಮ್ಮೆಯೂ ತಪ್ಪಿಸಿದವನಲ್ಲ, ಮಕ್ಕಳೂ ತಪ್ಪಿಸಬಾರದು. ಯಾಕೆಂದು ಯಾರೂ ಕೇಳಲಿಲ್ಲ. ಊಟದ ಕೈ ಯಾವುದೆಂದು ಯಾರು ಕೇಳುತ್ತಾರೆ?

ಅಪ್ಪನಿಗೆ ಉಬ್ಬಸ ಬಂದು ಕುರ್ಚಿ ಹಿಡಿದ ಮೇಲೆ ಕೊಳವೆಗಳು ದೊಡ್ಡವನ ಕೈಗೆ ಬಂದವು. ಒಂದು ದಿನ ಬಟ್ಟೆ ಅಂಗಡಿಯ ಸಾಹುಕಾರರ ಬಿಳಿ ಕಾರು ಬಂದಿತ್ತು. ನಾನು ಬಾಗಿಲ ಬಳಿ ಅದೇ ಕಾರಿನ ಸೀಟು ಹೊಲಿಯುತ್ತ ಕೂತಿದ್ದೆ. ದೊಡ್ಡವನು ಕಣ್ಣು ಮುಚ್ಚಿ ಕೇಳಿ, ಸ್ಕ್ರೂ ತಿರುಗಿಸಿ, ಅಪ್ಪನ ಧಾಟಿಯಲ್ಲೇ "ಸಮ," ಎಂದ.

ಚಿಕ್ಕವನು ಪಕ್ಕದಲ್ಲಿ ಪ್ಲಗ್ಗು ಉಜ್ಜುತ್ತಿದ್ದ. ಮೀಸೆ ಆಗಷ್ಟೇ ಮೂಡಿತ್ತು, ಬಾಯಿಗೆ ಬೀಗ ಇರಲಿಲ್ಲ.

"ಎಲ್ಲಣ್ಣ? ಹಿಂದಿಂದು ಜಾಸ್ತಿ ಎಳೀತಿದೆ. ಇಲ್ಲಿಗೇ ಕೇಳ್ತಿದೆ."

"ಕೇಳಿದ್ದು ಸಾಕು. ಉಜ್ಜೋದು ಉಜ್ಜು."

"ನಿಜವಾಗ್ಲೂ. ಬೇಕಾದ್ರೆ ಕೊಳವೆ ಕೊಡು, ನಾನು ಹೇಳ್ತೀನಿ."

ಸಾಹುಕಾರರು ನಕ್ಕರು. "ಏನಪ್ಪಾ, ತಮ್ಮ ನಿನಗಿಂತ ಜೋರಿದ್ದಾನೆ!"

ಚಿಕ್ಕವನು ಕೊಳವೆಗೆ ಕೈ ಚಾಚಿದ. ದೊಡ್ಡವನ ಅಂಗೈ ಬೀಸಿ ಬಂದು ಅವನ ಎಡಗಿವಿಯ ಮೇಲೆ ಪಟ್ಟೆಂದಿತು. ಹುಡುಗ ಮಡ್‌ಗಾರ್ಡಿಗೆ ತಾಗಿ ಕುಸಿದ. ಕಿವಿಯಿಂದ ಸಣ್ಣಗೆ ರಕ್ತ ಇಳಿದು ಕಾಲರಿಗೆ ಅಂಟಿತು.

"ಅಣ್ಣ ಒಂದೇಟು ಹೊಡೆದ್ರೆ ಯಾರೂ ಸಾಯಲ್ಲ. ಮುಖ ತೊಳ್ಕೋ ಹೋಗು," ಎಂದ ಅಪ್ಪ, ಕುರ್ಚಿಯಿಂದ.

ಸಾಹುಕಾರರು ಕಾರು ತೆಗೆದುಕೊಂಡು ಹೋದರು. ಅವತ್ತು ಯಾರು ಸರಿ, ಯಾರು ತಪ್ಪು ಎಂದು ಕೊಳವೆಯಿಟ್ಟು ಯಾರೂ ನೋಡಲಿಲ್ಲ. ಕಿವಿಯ ತಮಟೆ ಹರಿದಿದೆ, ಒಳಗೂ ಏಟು ಬಿದ್ದಿದೆ, ಇನ್ನು ಕೇಳಿಸುವುದಿಲ್ಲ ಎಂದು ಡಾಕ್ಟರು ಹೇಳಿದರು. ದೊಡ್ಡವನು ಆ ಮಾತು ಕೇಳಿ ಗೋಡೆ ನೋಡುತ್ತ ನಿಂತಿದ್ದ. ಒಂದು ದಿನವಾದರೂ ತಮ್ಮನ ಹತ್ತಿರ ಕೂತು ಏನಾಯಿತೋ ಎಂದು ಕೇಳಲಿಲ್ಲ. ಅಷ್ಟೇ ಆಗಿದ್ದರೆ ಚಿಕ್ಕವನು ನುಂಗಿಕೊಳ್ಳುತ್ತಿದ್ದನೋ ಏನೋ. ಅಪ್ಪ ತೀರಿಕೊಂಡ ಮೇಲೆ ದೊಡ್ಡವನು ಹೊಸ ಮಾತು ಶುರು ಮಾಡಿದ. ಗಿರಾಕಿಗಳು "ನಿನ್ನ ತಮ್ಮ ಮುಟ್ಟಲ್ವಾ?" ಎಂದರೆ ನಗುತ್ತ, "ಎರಡು ಕಾರ್ಬುರೇಟರಿಗೆ ಎರಡು ಕಿವಿ ಬೇಕು ಸ್ವಾಮಿ. ಒಂಟಿಕಿವಿ ಏನು ಕೇಳ್ತಾನೆ?" ಎನ್ನುತ್ತಿದ್ದ. ಕಿವಿ ಕಿತ್ತವನೇ ಕಿವಿಯಿಲ್ಲವೆಂದು ಆಡಿಕೊಂಡ. ಒಂಟಿಕಿವಿ ಎನ್ನುವುದೇ ಬೀದಿಯಲ್ಲಿ ಚಿಕ್ಕವನ ಹೆಸರಾಯಿತು. ಒಂದು ಬೆಳಿಗ್ಗೆ ಚಿಕ್ಕವನು ತನ್ನ ಪಾನಾ, ಸ್ಕ್ರೂಡ್ರೈವರುಗಳನ್ನು ಗೋಣಿಚೀಲಕ್ಕೆ ತುಂಬಿಕೊಂಡು ಹೊರಟ. ದೊಡ್ಡವನು ತಡೆಯಲಿಲ್ಲ.

ಹಿಂದಿನ ಬೀದಿಯಲ್ಲಿ ತಗಡಿನ ಶೆಡ್ಡು ಹಿಡಿದು ಪಂಚರ್ ಹಾಕಿದ, ಸ್ಕೂಟರ್ ಬಿಚ್ಚಿದ. ಮದುವೆಯಾದ. ನನ್ನ ಯಜಮಾನರು ಹೋದ ಮೇಲೆ ನಾನೂ ನನ್ನ ಹೊಲಿಗೆ ಯಂತ್ರವೂ ಅವನ ಜೊತೆ ಬಂದು ಸೇರಿದೆವು. ಶೆಡ್ಡಿನ ಹಿಂದೆಯೇ ಮನೆ. ಹಿತ್ತಿಲಿನಲ್ಲಿ ಎರಡು ನಲ್ಲಿಗಳಿದ್ದವು. ಕೆಲಸ ಮುಗಿದ ಮೇಲೆ ಅವನು ಒಂದು ಕೊಳವೆ ಹಿಡಿದು ಅಲ್ಲಿ ಕುಕ್ಕರುಗಾಲಲ್ಲಿ ಕೂರುತ್ತಿದ್ದ. ಒಂದು ನಲ್ಲಿಯ ಸದ್ದನ್ನು ಬಲಗಿವಿಯಲ್ಲಿ ಕೇಳುವುದು, ಕೊಳವೆ ತೆಗೆದು ಇನ್ನೊಂದಕ್ಕೆ ಇಡುವುದು, ತಿರುಪನ್ನು ಕೂದಲೆಳೆಯಷ್ಟು ತಿರುಗಿಸುವುದು. ಆಮೇಲೆ ಎರಡರ ಕೆಳಗೂ ಒಂದೇ ಅಳತೆಯ ಬಕೆಟ್ ಇಟ್ಟು, ಒಟ್ಟಿಗೆ ತುಂಬುತ್ತವೆಯೇ ಎಂದು ನೋಡುವುದು.

"ಅತ್ತಿಗೆ, ಇವರಿಗೆ ಹೇಳಿ," ಎಂದು ಅವನ ಹೆಂಡತಿ ನನಗೆ ದೂರು ಕೊಡುತ್ತಿದ್ದಳು. "ನನ್ನ ಮಾತು ಇಷ್ಟು ಶ್ರದ್ಧೆಯಿಂದ ಒಂದಿನ ಕೇಳಿಲ್ಲ. ಈ ನಲ್ಲೀನೇ ಕಟ್ಕೋಬಹುದಿತ್ತು."

"ನಲ್ಲಿ ನಿಲ್ಲಿಸಿದ್ರೆ ನಿಲ್ಲುತ್ತೆ," ಎಂದ ಅವನು.

ಅದಕ್ಕೆ ಅವಳು ನಲ್ಲಿಯ ನೀರನ್ನು ಅವನ ಮುಖಕ್ಕೆ ಎರಚಿದಳು. ಆದರೆ ಬಕೆಟ್‌ಗಳು ಕೊನೆಗೂ ಒಟ್ಟಿಗೆ ಉಕ್ಕಿದವು, ಮತ್ತೆ ಮತ್ತೆ ಉಕ್ಕಿದವು. ಎರಡು ಸದ್ದನ್ನು ಎರಡು ಕಿವಿಯಲ್ಲಿ ತೂಗುವ ಬದಲು ಒಂದನ್ನು ನೆನಪಿನಲ್ಲಿ ಹಿಡಿದು ಇನ್ನೊಂದನ್ನು ಅದರ ಪಕ್ಕ ಇಡಲು ಕಲಿತಿದ್ದ.

ಮೊದಲ ಜೋಡಿ ಕಾರ್ಬುರೇಟರಿನ ಕಾರು ತಂದವನು ಬೇಕರಿಯವನು. ದೊಡ್ಡವನ ವರ್ಕ್‌ಶಾಪಿನ ಗಿರಾಕಿಯೇ. ಅಣ್ಣನಿಗೆ ಗೊತ್ತಾಗಬಾರದೆಂದು ಹಿಂದಿನ ಗಲ್ಲಿಯಿಂದ ಬಂದ.

"ಸಿಗ್ನಲ್‌ನಲ್ಲಿ ನಿಂತ್ರೆ ಚಳಿಜ್ವರ ಬಂದ ಹಾಗೆ ನಡುಗುತ್ತೆ. ನಿಮ್ಮಣ್ಣ ಸಮ ಇದೆ ಅಂತಾರೆ. ನಾನು ಬ್ರೆಡ್ಡಿನವನು, ನನಗೇನು ಗೊತ್ತು?"

ಎಲ್ಲರೂ ಮೊದಲು ಕಾರ್ಬುರೇಟರ್ ಮೇಲೆ ಗೂಬೆ ಕೂರಿಸುತ್ತಾರೆ. ಅದಕ್ಕೇ ಚಿಕ್ಕವನು ಕೊನೆಗೆ ಅದನ್ನು ಮುಟ್ಟುತ್ತಾನೆ. ಪ್ಲಗ್ಗು ಬಿಚ್ಚಿ ನೋಡಿದ, ಸರಿಯಿತ್ತು. ಕಿಡಿ ಕೊಡುವ ಪಾಯಿಂಟು ನೋಡಿದ, ಅದೂ ಸರಿಯಿತ್ತು. ಗ್ಯಾಸ್ಕೆಟ್ಟಿನ ಸಂದಿಯಲ್ಲಿ ಎಲ್ಲಾದರೂ ಕಳ್ಳಗಾಳಿ ನುಗ್ಗುತ್ತಿದೆಯೇ ಎಂದು ಎಣ್ಣೆ ಬಿಟ್ಟು ನೋಡಿದ. ಎಣ್ಣೆ ಬಿಟ್ಟ ಕಡೆ ಎಂಜಿನ್ನಿನ ದನಿ ಬದಲಾದರೆ ಅಲ್ಲಿ ತೂತಿದೆಯೆಂದು ಅರ್ಥ. ಬದಲಾಗಲಿಲ್ಲ. ಆಮೇಲೆ ಕೊಳವೆ ತೆಗೆದುಕೊಂಡ. ಮುಂದಿನದಕ್ಕೆ ಇಟ್ಟ. ಹಿಂದಿನದಕ್ಕೆ ಇಟ್ಟ. ತಲೆಯೆತ್ತಿ ನನ್ನ ಕಡೆ ನೋಡಿದ.

"ಅಕ್ಕ, ಹಿಂದಿಂದು ಜಾಸ್ತಿ ಎಳೀತಿದೆ."

ಆ ಮಾತು ನಾನು ಮೊದಲೂ ಕೇಳಿದ್ದೆ. ನನ್ನ ಕೈ ಯಂತ್ರದ ಚಕ್ರದ ಮೇಲೇ ನಿಂತಿತು.

ಬೇಕರಿಯವನ ಬಾಯಿಂದ ಸುದ್ದಿ ಹೋಗಿ ಇನ್ನೂ ಕೆಲವರು ಕದ್ದು ಬಂದರು. ಕೆಂಪು ಕಾರಿನ ವಕೀಲರು, ಫೋಟೋ ಸ್ಟುಡಿಯೋದವನು, ದೊಡ್ಡ ಮೀಸೆಯ ಮಿಲಿಟರಿಯವರು. ಕಾರು ಬೇರೆ ಬೇರೆ, ರೋಗ ಒಂದೇ. ದೊಡ್ಡವನ ಕೈಯಿಂದ ಬಂದ ಪ್ರತಿ ಕಾರಿನಲ್ಲೂ ಹಿಂದಿನದರ ಸ್ಕ್ರೂ ಹೆಚ್ಚು ಒಳಗೆ ಕೂತಿರುತ್ತಿತ್ತು; ಸ್ಕ್ರೂ ಒಳಗೆ ಹೋದಷ್ಟೂ ಅದರ ಬಾಯಿ ತೆರೆಯುತ್ತದೆ, ಹಾಗಾಗಿ ಹಿಂದಿನದೇ ಹೆಚ್ಚು ಎಳೆಯುತ್ತಿತ್ತು. ಒಂದು ಕಾರಿನಲ್ಲಾದರೂ ಮುಂದಿನದು ಹೆಚ್ಚು ಎಳೆಯಬೇಡವೇ?

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅವನು ಅನ್ನ ಕಲಸುವುದನ್ನು ನಿಲ್ಲಿಸಿಬಿಟ್ಟ.

"ಹಿಂದಿಂದು ಬಲಗಿವಿಗೆ," ಎಂದ. "ಅಪ್ಪನ ಕ್ರಮ. ಅಕ್ಕ, ಅಣ್ಣನ ಬಲಗಿವಿ ಮಂದ. ಹಿಂದಿನ ಸದ್ದು ಅವನಿಗೆ ಸಣ್ಣಗೆ ಕೇಳುತ್ತೆ, ಅದಕ್ಕೇ ಅದನ್ನು ಜಾಸ್ತಿ ತೆರೀತಾನೆ. ಅವನಿಗೆ ಸಮ ಅನ್ನಿಸುವಾಗ ಕಾರು ಸೊಟ್ಟಗಾಗಿರುತ್ತೆ."

ಅವನ ಹೆಂಡತಿ ಸೌಟನ್ನು ಪಾತ್ರೆಗೆ ಹಾಕಿ ಎದ್ದಳು. "ಈಗಲೇ ಹೋಗಿ ಅವರ ಬಾಗಿಲ ಮುಂದೆ ನಿಂತು ಕೂಗಿ ಬರ್ತೀನಿ. ಒಂಟಿಕಿವಿ ಅಂತ ಆಡ್ಕೊಂಡ್ರಲ್ಲ!"

"ಕೂತ್ಕೋ. ಒಬ್ಬರಿಗೂ ಹೇಳಬೇಡ."

"ಯಾಕೆ, ಅಣ್ಣ ಅಂತ ಕರುಳು ಚುರ್ ಅಂತಾ?"

"ಕರುಳಲ್ಲ. ಈಗ ಹೇಳಿದ್ರೆ ಹೊಟ್ಟೆಕಿಚ್ಚು ಅಂತಾರೆ. ಅವನು ಇನ್ನೂ ಮೇಲೆ ಹೋಗಲಿ. ಕೆಳಗಿರೋನನ್ನ ಬೀಳಿಸಿ ಏನು ಸುಖ?"

ಅಲ್ಲಿಂದ ಮುಂದೆ ಅವನು ನಡೆದುಕೊಂಡ ರೀತಿ ನೋಡಿ ನನಗೇ ಒಳಗೊಳಗೆ ಚಳಿಯಾಗುತ್ತಿತ್ತು. ಕಾರು ತಂದವರಿಗೆ ಸಮ ಮಾಡಿ ಕೊಡುತ್ತಿದ್ದ, ಏನಾಗಿತ್ತು ಎಂದು ಕೇಳಿದರೆ, "ಏನಿಲ್ಲ, ಒಂಚೂರು ಕಸ ಸಿಕ್ಕಿತ್ತು. ಅಣ್ಣ ಚೆನ್ನಾಗೇ ಮಾಡಿದ್ದಾನೆ. ಅವನ ಕೈ ಯಾರಿಗೆ ಬರುತ್ತೆ?" ಎನ್ನುತ್ತಿದ್ದ. ಅವರು ಹೋಗಿ ತಮ್ಮ ತಮ್ಮಲ್ಲಿ ದೊಡ್ಡವನನ್ನೇ ಹೊಗಳುತ್ತಿದ್ದರು. ಅಣ್ಣನ ಹೆಸರನ್ನು ಇವನೇ ಕೂತು ಉಜ್ಜಿ ಉಜ್ಜಿ ಹೊಳೆಯಿಸಿದ. ಹೊಳಪಿಲ್ಲದ ಪಾತ್ರೆಯ ಮೇಲೆ ತಗ್ಗು ಬಿದ್ದರೆ ಯಾರಿಗೂ ಕಾಣುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಅವನು ಕಾಯುತ್ತಿದ್ದ ಜಾಗ ಕಡೆಗೂ ಸಿಕ್ಕಿತು. ಹಳೆಯ ಕಾರು ಇಟ್ಟುಕೊಂಡವರೆಲ್ಲ ಸೇರಿ ಕಾಲೇಜಿನ ಮೈದಾನದಲ್ಲಿ ಕೂಟ ಇಟ್ಟುಕೊಂಡರು. ಯಾರ ಎಂಜಿನ್ ಎಲ್ಲಕ್ಕಿಂತ ಚೆನ್ನಾಗಿ ಓಡುತ್ತದೆಂದು ತೀರ್ಪು ಹೇಳಲು ದೊಡ್ಡವನನ್ನೇ ಕೂರಿಸಿದರು. ಹಲ್ಲಿನ ಡಾಕ್ಟರೊಬ್ಬರ ಹಸಿರು ತೆರೆದ ಕಾರಿಗೆ ನಾನು ಸೀಟು ಹೊಲಿದಿದ್ದೆ. ಆ ಕಾರನ್ನು ದೊಡ್ಡವನೇ ಹಿಂದಿನ ವಾರ ಟ್ಯೂನ್ ಮಾಡಿದ್ದ. "ನಿಮ್ಮ ಸೀಟನ್ನೂ ನಾಲ್ಕು ಜನ ನೋಡಲಿ, ಬನ್ನಿ ಅಮ್ಮಾ," ಎಂದು ಡಾಕ್ಟರು ಕರೆದಿದ್ದರು. ಚಿಕ್ಕವನೂ ಅವನ ಹೆಂಡತಿಯೂ ನನ್ನ ಜೊತೆ ಹೊರಟರು. ಚಿಕ್ಕವನ ಜೇಬಿನಲ್ಲಿ ಒಂದು ಸಣ್ಣ ಸ್ಕ್ರೂಡ್ರೈವರ್, ಒಂದು ಕೊಳವೆ, ಒಂದು ಸ್ಟೀಲ್ ಲೋಟ.

ಮೈದಾನದಲ್ಲಿ ದೊಡ್ಡವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೊರಳಿಗೆ ಅಪ್ಪನ ಎರಡು ಕೊಳವೆಗಳನ್ನು ಹಾರದ ಹಾಗೆ ಹಾಕಿಕೊಂಡಿದ್ದ.

"ನನಗಿಂತ ನೀವೇ ಡಾಕ್ಟರ ಥರ ಕಾಣ್ತೀರಿ ಮೇಸ್ತ್ರಿಗಳೇ," ಎಂದರು ಹಲ್ಲಿನ ಡಾಕ್ಟರು. ಸುತ್ತಲಿದ್ದವರು ನಕ್ಕರು. ಹಸಿರು ಕಾರಿನ ಬಾನೆಟ್ ಎತ್ತಿ ಎಂಜಿನ್ ಚಾಲೂ ಮಾಡಿದರು. ದೊಡ್ಡವನು ಕಣ್ಣು ಮುಚ್ಚಿ ಎರಡು ಕಿವಿಗೂ ಕೊಳವೆ ಇಟ್ಟು, ತಲೆದೂಗಿ, "ಸಮ," ಎಂದ.

ಚಿಕ್ಕವನು ಮುಂದೆ ಹೋಗಿ ಲೋಟಕ್ಕೆ ನೀರು ತುಂಬಿಸಿ ಮಡ್‌ಗಾರ್ಡಿನ ಮೇಲಿಟ್ಟ. ನೀರು ತುಳುಕಿ ಹೊರಗೆ ಚೆಲ್ಲಿತು.

"ನಡುಗ್ತಿದೆ ಅಣ್ಣ."

ದೊಡ್ಡವನು ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದ. "ಹಳೇ ಎಂಜಿನ್ನು, ನಡುಗದೆ ಏನು ಮಾಡುತ್ತೆ? ಕಾರ್ಬುರೇಟರ್ ಸಮ ಇದೆ. ನಿನಗೇನು ಕೇಳ್ಬೇಕು ಪಾಪ."

ಯಾರೋ ಕಿಸಕ್ಕೆಂದರು.

"ಅದೇ ನಾನೂ ಹೇಳೋದು," ಎಂದ ಚಿಕ್ಕವನು. ದನಿಯಲ್ಲಿ ಬೆಣ್ಣೆ. "ಎರಡು ಕಾರ್ಬುರೇಟರಿಗೆ ಎರಡು ಕಿವಿ ಬೇಕು, ನನಗಿರೋದು ಒಂದೇ. ನೀನೇ ಇನ್ನೊಂದು ಸಲ ಕೇಳಿ ಹೇಳು."

ದೊಡ್ಡವನು ಮತ್ತೆ ಕೊಳವೆ ಇಟ್ಟ. "ಸಮ. ಆಯ್ತಾ?"

"ಆಯ್ತು. ಈಗ ಕೊಳವೆ ಅದಲು ಬದಲು ಮಾಡ್ಕೊ. ಎಡಕ್ಕಿರೋದು ಬಲಕ್ಕೆ, ಬಲಕ್ಕಿರೋದು ಎಡಕ್ಕೆ. ಸಮ ಇದ್ರೆ ಯಾವ ಕಿವಿಗಿಟ್ರೂ ಸಮಾನೇ ಅಲ್ವಾ ಅಣ್ಣ?"

ದೊಡ್ಡವನ ಕೈ ಕೊಳವೆಯ ಮೇಲೆ ಹಾಗೇ ನಿಂತಿತು. "ಅಪ್ಪ ಹಾಗೆಲ್ಲ ಮಾಡ್ತಿರಲಿಲ್ಲ."

"ಅಪ್ಪನಿಗೆ ಬೇಕಾಗಿರಲಿಲ್ಲ."

"ಮಾಡಿಬಿಡಿ ಮೇಸ್ತ್ರಿಗಳೇ," ಎಂದರು ಡಾಕ್ಟರು, ಏನೂ ತಿಳಿಯದ ಮಗುವಿನ ಹಾಗೆ. "ನನ್ನ ಕುರ್ಚೀಲಿ ಕೂತೋರೂ ಇಷ್ಟು ಹಿಂಜರಿಯಲ್ಲ. ಏನು ಹಲ್ಲು ಕೀಳ್ತಾರಾ?"

ಎಲ್ಲರೂ ಜೋರಾಗಿ ನಕ್ಕರು. ನಗು ಮುಗಿಯುವ ಹೊತ್ತಿಗೆ ದೊಡ್ಡವನು ಕೊಳವೆಗಳನ್ನು ಅದಲು ಬದಲು ಮಾಡಿದ್ದ. ಈಗ ಹೆಚ್ಚು ಎಳೆಯುವ ಹಿಂದಿನದು ಅವನ ಒಳ್ಳೆಯ ಕಿವಿಯಲ್ಲಿ ಬೀಸುಗಾಳಿಯ ಹಾಗೆ ಊದುತ್ತಿರಬೇಕು. ಬಲಗಿವಿಯಲ್ಲಿ ಏನೂ ಇಲ್ಲ. ಅವನ ಮುಖದ ರಕ್ತ ಇಳಿಯಿತು.

ಆಶ್ಚರ್ಯವಾದ ಮುಖ ಬೇರೆ, ಸಿಕ್ಕಿಬಿದ್ದ ಮುಖ ಬೇರೆ. ನಾನು ಅವನನ್ನು ಎತ್ತಿ ಆಡಿಸಿದವಳು. ಪಕ್ಕದ ಮನೆಯ ಗಾಜು ಒಡೆದು ಬಂದಾಗಲೂ ಇದೇ ಮುಖ ಇತ್ತು.

ಚಿಕ್ಕವನೂ ಅದನ್ನು ನೋಡಿದ. ಅವನು ವರ್ಷಗಟ್ಟಲೆ ಮನಸ್ಸಿನಲ್ಲಿ ಹೊಂದಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಅಣ್ಣನಿಗೆ ಹೊಸ ಸುದ್ದಿ ಹೇಳುವ ಮಾತುಗಳು. ಈಗ ಅವು ಯಾವುವೂ ಕೆಲಸಕ್ಕೆ ಬರಲಿಲ್ಲ.

"ನಿನಗೆ ಗೊತ್ತಿತ್ತು," ಎಂದ. ಬೆಣ್ಣೆಯೆಲ್ಲ ಹೋಗಿತ್ತು. "ಅವತ್ತೂ ಗೊತ್ತಿತ್ತು. ಸಾಹುಕಾರರ ಕಾರಿನ ದಿನ."

ಎಂಜಿನ್ ಓಡುತ್ತಲೇ ಇತ್ತು. ಹಿಂದೆ ನಿಂತವರಿಗೆ ಇದು ಯಾವ ಸಾಹುಕಾರ, ಯಾವ ದಿನ ಎಂದು ತಿಳಿಯಲಿಲ್ಲ. ದೊಡ್ಡವನು ಹತ್ತಿರ ಬಾಗಿ ದನಿ ತಗ್ಗಿಸಿದ. ತಮ್ಮನ ಬಲಗಡೆಗೇ ಬಾಗಿದ. ನಾನು ಪಕ್ಕದಲ್ಲೇ ಇದ್ದೆ.

"ಬಿಟ್ಬಿಡೋ. ಜನರ ಮುಂದೆ ಬೇಡ. ಈಗ ನನ್ನದೂ ಒಂದು ಹೋಗಿದೆ, ನಿನ್ನದೂ ಒಂದು ಹೋಗಿದೆ. ಸಮ ಆಯ್ತಲ್ಲ."

"ಯಾವ ಸಮ?" ಎಂದ ಚಿಕ್ಕವನು, ಎಲ್ಲರಿಗೂ ಕೇಳುವಷ್ಟು ಜೋರಾಗಿ. "ನಿನ್ನದು ತಾನಾಗಿ ಹೋಯ್ತು. ನನ್ನದು ನೀನು ತೆಗೆದೆ."

ಆಮೇಲೆ ಅವನು ಅಣ್ಣನ ಕಡೆ ತಿರುಗಿಯೂ ನೋಡದೆ ಕೆಲಸಕ್ಕೆ ಇಳಿದ. ಎರಡೂ ಕಾರ್ಬುರೇಟರನ್ನು ಜೋಡಿಸಿದ್ದ ಸರಳಿನ ಬಿಗಿ ಸಡಿಲಿಸಿ, ಒಂದೇ ಕೊಳವೆಯಲ್ಲಿ ಮುಂದಿನದು ಕೇಳಿದ, ಹಿಂದಿನದು ಕೇಳಿದ. ಹಿಂದಿನದರ ಸ್ಕ್ರೂ ಹಿಂದಕ್ಕೆ ಬಂತು, ಮುಂದಿನದು ಒಂಚೂರು ಒಳಗೆ ಹೋಯಿತು. ಮತ್ತೆ ಕೇಳಿದ. ಸರಳು ಬಿಗಿದ. ಲೋಟದಲ್ಲಿ ಉಳಿದಿದ್ದ ನೀರು ನಡುಗುವುದು ಕಡಿಮೆಯಾಯಿತು, ಅಂಚಿನಲ್ಲಿ ಸಣ್ಣ ಬಳೆಯಂತೆ ಅಲುಗಿ, ಕಡೆಗೆ ಮುಖ ನೋಡಿಕೊಳ್ಳುವ ಹಾಗೆ ನಿಂತಿತು. ಮಿಲಿಟರಿಯವರು "ಭೇಷ್!" ಎಂದು ಕೂಗಿದರು. ಚಪ್ಪಾಳೆ ಬಿತ್ತು. ಒಂಟಿಕಿವಿ, ಒಂಟಿಕಿವಿ ಎಂದು ಯಾರೋ ಕರೆದರು. ಅವತ್ತು ಅದು ಬಿರುದಿನ ಹಾಗೆ ಕೇಳಿಸಿತು.

ಚಿಕ್ಕವನು ಕೈ ಒರೆಸಿಕೊಂಡು ಅಣ್ಣನ ಮುಂದೆ ನಿಂತು, ಅವನ ಕೊರಳಿನಿಂದ ಅಪ್ಪನ ಕೊಳವೆಗಳನ್ನು ತಾನೇ ತೆಗೆದ. ಮೊದಲು ಒಂದು, ಆಮೇಲೆ ಇನ್ನೊಂದು.

"ಇವು ಇನ್ನು ನಿನಗ್ಯಾಕೆ?"

ದೊಡ್ಡವನು ತಡೆಯಲಿಲ್ಲ. ಇಸ್ತ್ರಿ ಅಂಗಿಯ ಕಾಲರಿನ ಮೇಲೆ ಕಪ್ಪು ರಬ್ಬರಿನ ಗುರುತು ಉಳಿದಿತ್ತು.

ಮನೆಗೆ ಬರುವ ದಾರಿಯಲ್ಲಿ ತಮ್ಮನ ಹೆಂಡತಿ ಕುಣಿಯುವುದೊಂದು ಬಾಕಿ. "ಅತ್ತಿಗೆ, ಆ ಮುಖ ನೋಡಿದ್ರಾ! ಹರಳೆಣ್ಣೆ ಕುಡಿದ ಹಾಗೆ! ಇವತ್ತು ಇವರಿಗೆ ನಿದ್ದೆ ಬರುತ್ತೆ ಬಿಡಿ." ಚಿಕ್ಕವನು ನಗಲಿಲ್ಲ. ಬಸ್ಸಿನ ಕಿಟಕಿಯಾಚೆ ನೋಡುತ್ತ, "ಗೊತ್ತಿದ್ದೂ ಹೊಡೆದ ಅಕ್ಕ," ಎಂದ. "ಗೊತ್ತಿಲ್ಲದೆ ಹೊಡೆದ ಅಂದ್ಕೊಂಡು ಇಷ್ಟು ದಿನ ಕಡಿಮೆ ಬೈದಿದ್ದೀನಿ."

ಅದಾದ ಮೇಲೆ ಜೋಡಿ ಕಾರ್ಬುರೇಟರಿನ ಕಾರುಗಳೆಲ್ಲ ಹಗಲಲ್ಲೇ, ಮುಖ್ಯ ರಸ್ತೆಯಿಂದಲೇ ನಮ್ಮ ಶೆಡ್ಡಿಗೆ ಬರತೊಡಗಿದವು. ದೊಡ್ಡವನ ವರ್ಕ್‌ಶಾಪಿಗೆ ಆಯಿಲ್ ಬದಲಿಸುವ ಕೆಲಸ ಉಳಿಯಿತು. ಆದರೆ ಅಪ್ಪನ ಸ್ವಂತ ಕಾರು ಅವನ ಹತ್ತಿರವೇ ಇತ್ತು: ಬೂದಿ ಬಣ್ಣದ್ದು, ಅದಕ್ಕೂ ಎರಡು ಕಾರ್ಬುರೇಟರು. ಅದನ್ನು ಸಮ ಮಾಡಲು ಅವನ ಕೈಯಲ್ಲಿ ಇನ್ನು ಆಗದು. ಮೊದಮೊದಲು ಅಂದಾಜಿನ ಮೇಲೆ, ಹಿಂದಿನದನ್ನು ತೆರೆದಷ್ಟೂ ಒಂಚೂರು ವಾಪಸು ಮುಚ್ಚಿ ಸಂಭಾಳಿಸುತ್ತಿದ್ದನಂತೆ. ವಯಸ್ಸಾದ ಹಾಗೆ ಬಲಗಿವಿ ಪೂರಾ ಹೋಗಿ, ಎಡಗಿವಿಗೂ ಹತ್ತಿರದ ಮಾತಷ್ಟೇ ಕೇಳುವಂತಾಗಿ ಅಂದಾಜೂ ತಪ್ಪಿತು. ಬೇರೆ ಯಾರ ಕೈಗೂ ಅಪ್ಪನ ಕಾರು ಕೊಡಲು ಅವನಿಗೆ ಮನಸ್ಸಿಲ್ಲ. ಒಂದು ಬೆಳಿಗ್ಗೆ ಅದು ಕೆಮ್ಮುತ್ತ, ಕುಲುಕುತ್ತ ನಮ್ಮ ಬಾಗಿಲಿಗೆ ಬಂದು ನಿಂತಿತು. ದೊಡ್ಡವನು ಇಳಿದು ಕೀಲಿಕೈ ಹಿಡಿದು ನಿಂತ. ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ.

ಚಿಕ್ಕವನು ಕೀಲಿಕೈ ತೆಗೆದುಕೊಂಡ. ಬಲಗಡೆಯ ಮೆತ್ತನೆಯ ಸ್ಟೂಲನ್ನು ಕಾಲಿನಿಂದ ಬೆಂಚಿನ ಕೆಳಗೆ ತಳ್ಳಿ, ಎಡಕ್ಕೆ ಕೈ ತೋರಿಸಿದ.

ದೊಡ್ಡವನು ಕೂತ. ಸ್ಟೂಲು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ವಾಲಿತು. ಅವನು ಮಾತು ಶುರು ಮಾಡಿದ. ಹುಡುಗನಾಗಿದ್ದಾಗ ಕಿವಿ ಸೋರಿ ಸೋರಿ ಬಲಗಿವಿ ಮಂದವಾದದ್ದು; ಅಪ್ಪನಿಗೆ ತಿಳಿದರೆ ಕೊಳವೆ ಮುಟ್ಟಲು ಬಿಡುವುದಿಲ್ಲವೆಂದು ಮುಚ್ಚಿಟ್ಟದ್ದು; ಅವತ್ತು ತಮ್ಮ ಕೊಳವೆಗೆ ಕೈ ಚಾಚಿದಾಗ, ಅವನ ಕೈಗೆ ಅದು ಸಿಕ್ಕರೆ ತನ್ನ ಬದುಕು ಮುಗಿಯಿತೆಂದು ಹೆದರಿ ಕೈ ಬೀಸಿದ್ದು. "ನಿನ್ನ ಕಿವಿ ಹೋಗ್ಲಿ ಅಂತ ಹೊಡೀಲಿಲ್ಲ ಕಣೋ. ಆಮೇಲೆ ಒಂಟಿಕಿವಿ ಅಂದಿದ್ದೂ ಹೆದರಿಕೆಗೇ. ತಪ್ಪಾಯ್ತು. ನಿನ್ನ ಕಾಲಿಗೆ ಬೀಳು ಅಂದ್ರೂ ಬೀಳ್ತೀನಿ."

ಚಿಕ್ಕವನು ತಲೆಯಾಡಿಸುತ್ತ ಸ್ಕ್ರೂ ತಿರುಗಿಸುತ್ತಿದ್ದ. ಬಿಡಿಭಾಗದವನ ಮಾತಿಗೆ ಆಡಿಸುವ ಹಾಗೇ ಆಡಿಸುತ್ತಿದ್ದ.

"ಕೇಳ್ತಾ ಇದ್ದೀಯೇನೋ?" ಎಂದ ದೊಡ್ಡವನು. ಅದಕ್ಕೂ ಅವನು ತಲೆಯಾಡಿಸಿದ.

ಸ್ವಲ್ಪ ಹೊತ್ತಿಗೆ ಕೈ ಒರೆಸಿಕೊಂಡು, "ಇನ್ನೂ ಸಮ ಆಗಿಲ್ಲ ಅಣ್ಣ. ಬಿಟ್ಟು ಹೋಗು. ನಾಳೆ ಬಾ," ಎಂದ.

ದೊಡ್ಡವನು ತಿರುವಿನಾಚೆ ಮರೆಯಾದ ಮೇಲೆ ನಾನು ಕೇಳಿದೆ. "ಅವನು ಏನು ಹೇಳಿದ ಗೊತ್ತಾ?"

"ಏನು ಹೇಳೋಕೆ ಬಂದಿದ್ದ ಅಂತ ಗೊತ್ತು."

"ಬಲಗಡೆ ಕೂರಿಸಬಹುದಿತ್ತಲ್ಲೋ."

"ಯಾವ ಕಿವಿ ತೆಗೆದನೋ ಆ ಕಿವಿಗೇ ಹೇಳ್ಕೊಳ್ಳಲಿ ಅಕ್ಕ. ಅದು ಕೇಳಿಸ್ಕೊಂಡು ನನಗೆ ಹೇಳಿದ್ರೆ ಆಗ ನೋಡೋಣ."

ಅವನ ಹೆಂಡತಿ, ಅಣ್ಣನ ಹೆಸರೆತ್ತಿದರೆ ಸೌಟು ಎಸೆಯುತ್ತಿದ್ದವಳು, ಆ ದಿನ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಮರುದಿನ ದೊಡ್ಡವನು ಬಂದಾಗ ಒಂದು ಲೋಟ ನೀರು ತಂದು ಅವನ ಪಕ್ಕ ಇಟ್ಟಳು. ಗಂಡ ಅವಳನ್ನು ನೋಡಿದ. ಅವಳು ಗಂಡನನ್ನು ನೋಡಲಿಲ್ಲ.

ಆಮೇಲೆ ದೊಡ್ಡವನು ಬರುತ್ತಲೇ ಇದ್ದಾನೆ. ಬಂದಾಗಲೆಲ್ಲ ಎಡಕ್ಕೇ ಕೂರುತ್ತಾನೆ, ಒಂದಲ್ಲ ಒಂದು ರೀತಿಯಲ್ಲಿ ಅದನ್ನೇ ಹೇಳುತ್ತಾನೆ. ಒಮ್ಮೊಮ್ಮೆ ಎದ್ದು ಬಲಗಡೆಗೆ ಬರಲು ನೋಡುತ್ತಾನೆ. ಆಗ ಚಿಕ್ಕವನು ಎಂಜಿನ್ ಚಾಲೂ ಮಾಡಿ ಆಕ್ಸಿಲರೇಟರಿನ ಸರಳನ್ನು ಜೋರಾಗಿ ಎಳೆಯುತ್ತಾನೆ. ಯಾರ ಮಾತೂ ಕೇಳುವುದಿಲ್ಲ. ಕಡೆಗೆ ಅದೇ ಮಾತು: "ಇನ್ನೂ ಸ್ವಲ್ಪ ಇದೆ ಅಣ್ಣ. ಮತ್ತೆ ಬಾ." ದೊಡ್ಡವನು ಎದ್ದು, ಅಪ್ಪನ ಕಾರಿನ ಬಾನೆಟ್ಟನ್ನು ಒಮ್ಮೆ ಸವರಿ, ನಡೆದುಕೊಂಡೇ ಹೋಗುತ್ತಾನೆ.

ಕಾರು ಸಮ ಆಗಿದೆ. ಮೊದಲ ದಿನವೇ ಆಗಿತ್ತು. ಕೊಳವೆ ಬೇಕಿಲ್ಲ, ಹೊಲಿಗೆ ಯಂತ್ರ ನಿಲ್ಲಿಸಿದರೆ ನನಗೇ ಕೇಳಿಸುತ್ತದೆ: ಎರಡೂ ಒಟ್ಟಿಗೆ, ನಿದ್ದೆ ಹೋದ ಜೋಡಿ ಮಕ್ಕಳು ಉಸಿರಾಡುವ ಹಾಗೆ. ಕೇಳಿಸದಿರುವುದು ದೊಡ್ಡವನೊಬ್ಬನಿಗೆ. ತಮ್ಮ ಆಗಿಲ್ಲ ಎಂದರೆ ನಂಬಬೇಕು, ಬೇರೆ ದಾರಿಯಿಲ್ಲ.

ಮೊನ್ನೆ ಬಂದಾಗ ದೊಡ್ಡವನು ಜೇಬಿನಲ್ಲಿ ಒಂದು ರಟ್ಟಿನ ಚೂರು ಮಡಚಿ ತಂದಿದ್ದ. ಬಗ್ಗಿ ಅದನ್ನು ಸ್ಟೂಲಿನ ಗಿಡ್ಡ ಕಾಲಿನ ಕೆಳಗೆ ಇಟ್ಟು, ಅಲುಗಾಡಿಸಿ ನೋಡಿ, ನೆಟ್ಟಗೆ ಕೂತ. ಅವನು ಹೋದ ಮೇಲೆ ಚಿಕ್ಕವನು ಸ್ಟೂಲು ಎತ್ತಿ ಆ ರಟ್ಟನ್ನು ತೆಗೆದು ಕಸದ ಡಬ್ಬಿಗೆ ಹಾಕಿದ, ಸ್ಟೂಲನ್ನು ಮತ್ತೆ ಅದೇ ಜಾಗದಲ್ಲಿ ಇಟ್ಟ.